ವೈರಸ್ ಎಚ್ಚರಿಕೆಯನ್ನು ಮುಂದೆ ಕಳುಹಿಸುವ ಮೊದಲು

‘ಯಾರೇ ಕಳುಹಿಸಿರಲಿ, ಆಮಂತ್ರಣ ಎಂಬ ಹೆಸರಿನ ಲಗತ್ತು ಇರುವ ಇಮೇಲನ್ನು ತೆರೆಯಬೇಡಿ. ಅದರೊಳಗೆ ಒಲಿಂಪಿಕ್ ಜ್ಯೋತಿ ಇದೆ. ತೆರೆದ ಕೂಡಲೇ ಅದು ಕಂಪ್ಯೂಟರಿನ ಸಿ ಡ್ರೈವನ್ನು ಪೂರ್ತಿ ಸುಟ್ಟುಹಾಕುತ್ತದೆ. ನಿನ್ನೆಯಷ್ಟೇ ಪತ್ತೆಯಾದ ಈ ವೈರಸ್ಸಿಗೆ ಇನ್ನೂ ಪರಿಹಾರವಿಲ್ಲ. ಇದು ಇದುವರೆಗಿನ ಅತಿ ವಿನಾಶಕಾರಿ ವೈರಸ್ ಎಂದು ಮೈಕ್ರೋಸಾಫ್ಟ್ ಸಾರಿದೆ. ಈ ಸಂದೇಶ ನಿಮಗೆ 25 ಸಲ ಬಂದರೂ ಅಡ್ಡಿಯಿಲ್ಲ, ವೈರಸ್ ಒಮ್ಮೆಯೂ ಬರಬಾರದು. ಪರಿಚಯದ ಎಲ್ಲರಿಗೂ ಕೂಡಲೇ ಕಳುಹಿಸಿ.’

ಇಂಥ ಎಚ್ಚರಿಕೆ ಓದಿದಾಗ ಎದೆ ಒಮ್ಮೆ ಝಲ್ಲೆನ್ನುವುದು ಸಹಜ. ಕಾಸರಗೋಡಿನ ಕನ್ನಡ ಮನೆಗಳಲ್ಲಂತೂ ಮಕ್ಕಳು ಬೆಂಗಳೂರಿನಲ್ಲಿ, ಭಾವ ದುಬೈಯಲ್ಲಿ, ಮನೆಯ ಲೆಕ್ಕಪತ್ರವೆಲ್ಲ ಒಂದೇ ಹಳೆಯ ಕಂಪ್ಯೂಟರಿನಲ್ಲಿ ಎಂಬ ಸ್ಥಿತಿ. ಓದಿದವರು ಮೊದಲು ಮಾಡುವ ಕೆಲಸ, ಅದನ್ನು ಮನೆಯವರಿಗೆಲ್ಲ ಕಳುಹಿಸುವುದು. ಆದರೆ ಈ ಒಲಿಂಪಿಕ್ ಜ್ಯೋತಿಯ ಎಚ್ಚರಿಕೆ ಇಂಗ್ಲಿಷಿನಲ್ಲಿ ಸುತ್ತತೊಡಗಿದ್ದು 2006ರಲ್ಲಿ. ಅದರಲ್ಲಿರುವ ‘ನಿನ್ನೆ’ ಇನ್ನೂ ನಿನ್ನೆಯಾಗಿಯೇ ಉಳಿದಿದೆ. ಸಿ ಡ್ರೈವನ್ನು ಸುಡುವ ಜ್ಯೋತಿ ಅಂದೂ ಇರಲಿಲ್ಲ, ಇಂದೂ ಇಲ್ಲ.

ನನ್ನ ಅಭಿಪ್ರಾಯ ಇಷ್ಟು: ವೈರಸ್ ಎಚ್ಚರಿಕೆಯನ್ನು ಯಾರು ಇನ್ನೊಬ್ಬರಿಗೆ ಕಳುಹಿಸುತ್ತಾರೋ ಅವರು ಅದಕ್ಕೆ ಹೊಣೆಯಾಗಬೇಕು. ‘ನನಗೆ ಬಂತು, ಹಾಗೆಯೇ ಕಳುಹಿಸಿದೆ’ ಎನ್ನುವುದು ಇಮೇಲ್ ಬಳಸುವವರಿಗೆ ಒಪ್ಪುವ ಮಾತಲ್ಲ. ಯಾಕೆ ಎಂಬುದು ತಿಳಿಯಬೇಕಾದರೆ ಈ ಸುಳ್ಳು ಎಚ್ಚರಿಕೆಗಳು ಎಲ್ಲಿಂದ ಹುಟ್ಟುತ್ತವೆ, ಹೇಗೆ ಬದುಕುತ್ತವೆ ಎಂದು ನೋಡಬೇಕು.

ಇವುಗಳಲ್ಲಿ ಅತ್ಯಂತ ಹೆಸರಾದದ್ದು ‘ಗುಡ್ ಟೈಮ್ಸ್’. 1994ರ ಕೊನೆಯಲ್ಲಿ ಅಮೆರಿಕದ ಎಒಎಲ್ ಎಂಬ ಇಂಟರ್‌ನೆಟ್ ಸೇವೆಯ ಬಳಕೆದಾರರ ನಡುವೆ ಇದು ಕಾಣಿಸಿಕೊಂಡಿತು. ಗುಡ್ ಟೈಮ್ಸ್ ಎಂಬ ತಲೆಬರಹದ ಇಮೇಲ್ ಬಂದರೆ ಓದಬಾರದು, ಓದಿದರೆ ಹಾರ್ಡ್ ಡಿಸ್ಕ್ ಅಳಿಸಿಹೋಗುತ್ತದೆ ಎಂಬುದು ಅದರ ಸಾರ. ಮುಂದೆ ಅದಕ್ಕೆ ಬಾಲ ಬೆಳೆಯಿತು. ಈ ವೈರಸ್ ಕಂಪ್ಯೂಟರಿನ ಪ್ರೊಸೆಸರನ್ನು ‘ಎನ್‌ತ್ ಕಾಂಪ್ಲೆಕ್ಸಿಟಿ ಇನ್‌ಫಿನಿಟ್ ಬೈನರಿ ಲೂಪ್’ಗೆ ಸಿಲುಕಿಸಿ ಹಾಳುಮಾಡುತ್ತದೆ ಎಂದು ಯಾರೋ ಸೇರಿಸಿದರು. ಕಂಪ್ಯೂಟರ್ ವಿಜ್ಞಾನದಲ್ಲಿ ಆ ಹೆಸರಿನದ್ದು ಏನೂ ಇಲ್ಲ. ಅಮೆರಿಕದ ದೂರಸಂಪರ್ಕ ಆಯೋಗವೇ ಈ ಎಚ್ಚರಿಕೆ ಕೊಟ್ಟಿದೆ ಎಂದೂ ಸೇರಿತು. ವೈರಸ್ಸುಗಳ ಬಗ್ಗೆ ಎಚ್ಚರಿಸುವುದು ಆ ಆಯೋಗದ ಕೆಲಸವೇ ಅಲ್ಲ. ಅಮೆರಿಕದ ಇಂಧನ ಇಲಾಖೆಯ ಕಂಪ್ಯೂಟರ್ ಸುರಕ್ಷತಾ ತಂಡ 1994ರ ಡಿಸೆಂಬರಿನಲ್ಲಿಯೇ ಇದು ಸುಳ್ಳು ಎಂದು ತಿಳಿಸಿತು. ಆದರೂ ಎಚ್ಚರಿಕೆ ವರ್ಷಗಟ್ಟಲೆ ಓಡಾಡಿತು.

ಗುಡ್ ಟೈಮ್ಸ್ ವೈರಸ್ ಎಂಬುದೇ ಇರಲಿಲ್ಲ. ಹರಡಿದ್ದು ಎಚ್ಚರಿಕೆ ಮಾತ್ರ. ಹರಡಿದ್ದಕ್ಕೆ ಯಾವ ಪ್ರೋಗ್ರಾಮೂ ಬೇಕಾಗಲಿಲ್ಲ; ಓದುಗರ ಒಳ್ಳೆಯತನವೇ ಸಾಕಾಯಿತು. ಒಬ್ಬರು ಹತ್ತು ಜನರಿಗೆ, ಆ ಹತ್ತು ಮಂದಿ ತಲಾ ಹತ್ತು ಜನರಿಗೆ ಕಳುಹಿಸಿದರೆ ಆರನೆಯ ಸುತ್ತಿನಲ್ಲಿ ಹತ್ತು ಲಕ್ಷ ಪ್ರತಿಗಳು ಹೊರಡುತ್ತವೆ. ಫೋನ್ ತಂತಿಯ ಮೂಲಕ ನಿಧಾನವಾಗಿ ಮೇಲ್ ಇಳಿಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಹೊರೆಯಾಗಿರಲಿಲ್ಲ. 1995ರ ಅಕ್ಟೋಬರಿನಲ್ಲಿ ಪ್ರಕಟವಾದ ಅಂತರ್ಜಾಲ ಶಿಷ್ಟಾಚಾರದ ಕೈಪಿಡಿಯೊಂದು, ತಂತ್ರಜ್ಞರ ನಡುವೆ ‘ಆರ್‌ಎಫ್‌ಸಿ 1855’ ಎಂದೇ ಪರಿಚಿತವಾದದ್ದು, ಸರಣಿ ಪತ್ರಗಳನ್ನು ಇಮೇಲಿನಲ್ಲಿ ಎಂದಿಗೂ ಕಳುಹಿಸಬಾರದು ಎಂದು ಖಡಾಖಂಡಿತವಾಗಿ ಹೇಳಿತು. ‘ಎಲ್ಲರಿಗೂ ಕಳುಹಿಸಿ’ ಎನ್ನುವ ವೈರಸ್ ಎಚ್ಚರಿಕೆಯೂ ಸರಣಿ ಪತ್ರವೇ. ದೇವರ ಹೆಸರಿನಲ್ಲಿ 21 ಪ್ರತಿ ಬರೆದು ಹಂಚಿ ಎನ್ನುತ್ತಿದ್ದ ಅಂಚೆ ಕಾರ್ಡುಗಳಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ಇಮೇಲನ್ನು ಓದಿದ ಮಾತ್ರಕ್ಕೆ ವೈರಸ್ ಬರುತ್ತದೆಯೇ ಎಂಬ ಪ್ರಶ್ನೆಗೆ 1994ರಲ್ಲಿ ‘ಇಲ್ಲ’ ಎಂದು ನೇರವಾಗಿ ಹೇಳಬಹುದಿತ್ತು. ಬರಿಯ ಅಕ್ಷರಗಳಿಂದ ಯಾವ ಪ್ರೋಗ್ರಾಮೂ ಓಡುವುದಿಲ್ಲ. ಆದರೆ ಮೇಲ್‌ಗಳು ಜಾಲಪುಟಗಳ ಹಾಗೆ ಬಣ್ಣ, ಚಿತ್ರ, ಸ್ಕ್ರಿಪ್ಟುಗಳೆಂಬ ಪುಟ್ಟ ಪ್ರೋಗ್ರಾಮುಗಳನ್ನು ಹೊತ್ತು ಬರತೊಡಗಿದ ಮೇಲೆ ಪರಿಸ್ಥಿತಿ ಬದಲಾಯಿತು. 1999ರ ನವೆಂಬರಿನಲ್ಲಿ ಕಾಣಿಸಿಕೊಂಡ ‘ಬಬಲ್‌ಬಾಯ್’ ಎಂಬ ವೈರಸ್ ಲಗತ್ತೇ ಇಲ್ಲದೆ, ಮೇಲನ್ನು ತೆರೆದರೆ ಸಾಕು, ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಮೇಲ್ ತಂತ್ರಾಂಶದಲ್ಲಿ ಮುನ್ನೋಟ ಕಂಡರೂ ಸಾಕು, ಓಡಬಲ್ಲದ್ದಾಗಿತ್ತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಆಗಸ್ಟಿನಲ್ಲಿಯೇ ತಿದ್ದುಪಡಿ ಕೊಟ್ಟಿತ್ತು. ಆದ್ದರಿಂದ ಇಂದಿನ ಸರಿಯಾದ ಉತ್ತರ ಹೀಗಿರಬೇಕು: ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುತ್ತಿದ್ದರೆ ಓದುವುದರಿಂದ ಅಪಾಯ ತೀರಾ ಕಡಿಮೆ, ಲಗತ್ತನ್ನು ತೆರೆಯುವುದು, ಲಿಂಕ್ ಒತ್ತಿ ಪಾಸ್‌ವರ್ಡ್ ಕೊಡುವುದು ಇವೇ ನಿಜವಾದ ಬಾಗಿಲುಗಳು. ‘ಎಲ್ಲವೂ ಸುಳ್ಳು, ಹೆದರಬೇಡಿ’ ಎಂದುಬಿಡುವುದೂ ಹೊಣೆಗೇಡಿತನವೇ ಎಂದು ಹೇಳಲು ಇದನ್ನು ಬರೆದೆ.

ಗುಡ್ ಟೈಮ್ಸ್ ಜನರ ಸಮಯವನ್ನಷ್ಟೇ ತಿಂದಿತು. ಓದುಗರ ಕೈಯಿಂದಲೇ ಅವರ ಕಂಪ್ಯೂಟರಿಗೆ ಹಾನಿ ಮಾಡಿಸಿದ ಎಚ್ಚರಿಕೆಗಳು ಆಮೇಲೆ ಬಂದವು. 2001ರಲ್ಲಿ ಬ್ರೆಜಿಲಿನಿಂದ ಹೊರಟು ಪೋರ್ಚುಗೀಸಿನಿಂದ ಇಂಗ್ಲಿಷಿಗೆ ಬಂದ ಒಂದು ಸಂದೇಶ, ‘ಸಲ್ಫ್‌ಎನ್‌ಬಿಕೆ’ ಎಂಬ ಫೈಲ್ ನಿಮ್ಮಲ್ಲಿದ್ದರೆ ಅದು ವೈರಸ್, ಜೂನ್ 1ರಂದು ಎಚ್ಚರಗೊಳ್ಳುತ್ತದೆ, ಕೂಡಲೇ ಅಳಿಸಿ ಎಂದಿತು. ವಾಸ್ತವದಲ್ಲಿ ಅದು ಆಗಿನ ವಿಂಡೋಸಿನ ಜೊತೆಯಲ್ಲೇ ಬರುತ್ತಿದ್ದ, ಉದ್ದ ಹೆಸರಿನ ಫೈಲುಗಳನ್ನು ಮರಳಿ ಸರಿಪಡಿಸುವ ಉಪಕರಣ. ಮರುವರ್ಷ, 2002ರಲ್ಲಿ, ಇದರದ್ದೇ ತಮ್ಮನಂಥ ಇನ್ನೊಂದು ಬಂತು. ಈ ಸಲದ ಫೈಲಿನ ಹೆಸರು ‘ಜೆಡಿಬಿಜಿಎಂಜಿಆರ್’. ಜಾವಾ ಪ್ರೋಗ್ರಾಮುಗಳ ದೋಷ ಹುಡುಕಲು ಮೈಕ್ರೋಸಾಫ್ಟ್ ಇಟ್ಟಿದ್ದ ಆ ಫೈಲಿನ ಗುರುತು ಒಂದು ಪುಟ್ಟ ಕರಡಿ ಗೊಂಬೆ.

ಈ ಕರಡಿಯ ಸಂದೇಶ ಎಷ್ಟು ಚೆನ್ನಾಗಿ ಹೆಣೆದದ್ದು ನೋಡಿ. ‘ಈ ವೈರಸ್ 14 ದಿನ ಸುಮ್ಮನಿದ್ದು ಆಮೇಲೆ ಹಾನಿ ಮಾಡುತ್ತದೆ. ಆಂಟಿವೈರಸ್ಸಿಗೆ ಇದು ಸಿಗುವುದಿಲ್ಲ. ಆದ್ದರಿಂದ ನೀವೇ ಹುಡುಕಿ.’ ಓದಿದವರು ಹುಡುಕುವ ಜಾಗದಲ್ಲಿ ಹೆಸರು ಹಾಕುತ್ತಾರೆ. ಫೈಲ್ ಸಿಗುತ್ತದೆ, ಪಕ್ಕದಲ್ಲಿ ಕರಡಿಯೂ ಕೂತಿರುತ್ತದೆ. ಗಂಭೀರವಾದ ವಿಂಡೋಸ್ ಫೋಲ್ಡರಿನಲ್ಲಿ ಆಟಿಕೆಯ ಚಿತ್ರ ಕಂಡರೆ ಯಾರಿಗೂ ಅನುಮಾನ ಬರುತ್ತದೆ. ಅವರು ಅಳಿಸುತ್ತಾರೆ. ಆಮೇಲೆ ಎಚ್ಚರಿಕೆಯ ಮೇಲ್ತುದಿಯಲ್ಲಿ ತಮ್ಮದೇ ಸಾಕ್ಷಿ ಬರೆದು ಕಳುಹಿಸುತ್ತಾರೆ: ‘ನಿಜ! ನನ್ನಲ್ಲಿಯೂ ಇತ್ತು, ಈಗ ತಾನೇ ತೆಗೆದೆ.’ ಪರೀಕ್ಷಿಸಿ ನೋಡಿದ್ದೇನೆ ಎಂದು ಅವರು ಪ್ರಾಮಾಣಿಕವಾಗಿ ನಂಬಿರುತ್ತಾರೆ. ಆದರೆ ಫೈಲ್ ಇದೆಯೇ ಎಂದು ನೋಡಿದರೇ ಹೊರತು ಅದು ಏನು ಎಂದು ನೋಡಲಿಲ್ಲ. ಆ ಫೈಲ್ ಇದ್ದ ಕಂಪ್ಯೂಟರುಗಳು ಲಕ್ಷಗಟ್ಟಲೆ. ವಿಂಡೋಸ್ ಹಾಕಿದವರೇ ಅದನ್ನೂ ಹಾಕಿದ್ದರು.

ಸುಳ್ಳಿಗೂ ಕೆಲವೊಮ್ಮೆ ನಿಜದ ಬೇರು ಇರುತ್ತದೆ. ಸಲ್ಫ್‌ಎನ್‌ಬಿಕೆಯ ಗಲಾಟೆಯ ಹೊತ್ತಿಗೆ ‘ಮ್ಯಾಜಿಸ್ಟರ್’ ಎಂಬ ನಿಜವಾದ ವೈರಸ್ ಹರಿದಾಡುತ್ತಿತ್ತು. ಅದು ಕಂಪ್ಯೂಟರಿನಲ್ಲಿರುವ ಯಾವುದಾದರೊಂದು ಫೈಲಿಗೆ ಸೋಂಕು ತಗುಲಿಸಿ ಮೇಲಿನಲ್ಲಿ ಕಳುಹಿಸುತ್ತಿತ್ತು. ಕೆಲವೊಮ್ಮೆ ಆ ಫೈಲ್ ಸಲ್ಫ್‌ಎನ್‌ಬಿಕೆಯೇ ಆಗಿರುತ್ತಿತ್ತು. ಲಗತ್ತಾಗಿ ಬಂದ ಪ್ರತಿ ಅಪಾಯಕಾರಿ, ಮೊದಲೇ ಕಂಪ್ಯೂಟರಿನಲ್ಲಿದ್ದ ಪ್ರತಿ ನಿರಪಾಯಕಾರಿ. ಎಚ್ಚರಿಕೆ ಮುಂದೆ ಮುಂದೆ ಹೋದಂತೆ ಈ ವ್ಯತ್ಯಾಸ ಅಳಿಸಿಹೋಯಿತು.

ನಮ್ಮ ಕಾಸರಗೋಡಿನಲ್ಲಿ ಇಂಥ ಅಳಿಸುವಿಕೆ ಇನ್ನೂ ಬೇಗ ನಡೆಯುತ್ತದೆ. ಇಂಗ್ಲಿಷಿನ ಎಚ್ಚರಿಕೆಯನ್ನು ಯಾರೋ ಮಲಯಾಳಕ್ಕೆ ತರುತ್ತಾರೆ. ಅದನ್ನು ಓದಿದ ಇನ್ನೊಬ್ಬರು ಮಂಜೇಶ್ವರದ ಅಥವಾ ಮುಳ್ಳೇರಿಯದ ಬಂಧುಗಳಿಗೆ ಅರ್ಥವಾಗಲಿ ಎಂದು ಕನ್ನಡದಲ್ಲಿ ಬರೆಯುತ್ತಾರೆ. ಮೊದಲ ಪ್ರತಿಯಲ್ಲಿ ದಿನಾಂಕವೂ ಮೂಲವೂ ಇದ್ದರೂ ಎರಡನೆಯ ದಾಟುವಿಕೆಗೆ ಬರುವಷ್ಟರಲ್ಲಿ ಉಳಿಯುವುದು ಭಯ ಮಾತ್ರ. ಸರಕಾರಿ ಸೂಚನೆಗಳು ಕನ್ನಡದಲ್ಲಿ ಸಕಾಲಕ್ಕೆ ಸಿಗಬೇಕೆಂದು ದಶಕಗಳಿಂದ ಕೇಳುತ್ತ ಬಂದ ಜಿಲ್ಲೆ ಇದು. ಅಧಿಕೃತ ಮಾತು ತಡವಾಗಿ ಬಂದಾಗ ಆ ಜಾಗವನ್ನು ಗಾಳಿಮಾತು ತುಂಬುತ್ತದೆ. ಆದ್ದರಿಂದ ಎರಡು ಮೂರು ಭಾಷೆ ಬಲ್ಲ ನಮ್ಮಂಥವರ ಮೇಲೆ ಹೆಚ್ಚಿನ ಹೊಣೆಯಿದೆ: ಎಚ್ಚರಿಕೆಯನ್ನು ಕನ್ನಡಕ್ಕೆ ತರುವುದಾದರೆ ಅದರ ದಿನಾಂಕ ಮತ್ತು ಮೂಲವನ್ನೂ ತರಬೇಕು. ಅವು ಸಿಗದಿದ್ದರೆ ತರಲೇಬಾರದು.

ತೋಟದ ವಿಷಯದಲ್ಲಿ ನಾವು ಎಷ್ಟು ಜಾಗರೂಕರು! ಕೊಳೆರೋಗ ಬಂದಿದೆ ಎಂದು ಯಾರಾದರೂ ಹೇಳಿದರೆ, ಯಾರ ತೋಟದಲ್ಲಿ, ಯಾವ ವಾರ, ಮದ್ದು ಬಿಟ್ಟಾಗಿತ್ತೇ ಎಂದು ಕೇಳದೆ ಯಾವ ಅಡಿಕೆ ಕೃಷಿಕನೂ ಏಣಿ ಎತ್ತುವುದಿಲ್ಲ. ಕಂಪ್ಯೂಟರಿನ ಎಚ್ಚರಿಕೆಗೂ ಅದೇ ಪ್ರಶ್ನೆಗಳು ಸಾಕು. ಯಾವ ತಂತ್ರಾಂಶಕ್ಕೆ ತಗುಲುತ್ತದೆ? ಯಾವ ದಿನ ಗೊತ್ತಾಯಿತು? ಏನು ಮಾಡಿದರೆ ತಡೆಯಬಹುದು? ಯಾರು ಹೇಳಿದ್ದು, ಅವರ ಜಾಲತಾಣದಲ್ಲಿ ಅದು ಇದೆಯೇ?

ನಿಜವಾದ ಎಚ್ಚರಿಕೆ ಈ ಎಲ್ಲ ಪ್ರಶ್ನೆಗಳಿಗೆ ಉತ್ತರ ಹೊತ್ತೇ ಬರುತ್ತದೆ. 2004ರಿಂದ ಕೆಲಸ ಮಾಡುತ್ತಿರುವ ಭಾರತ ಸರಕಾರದ ಕಂಪ್ಯೂಟರ್ ಸುರಕ್ಷತಾ ಸಂಸ್ಥೆ ‘ಸರ್ಟ್-ಇನ್’ನ ಸೂಚನೆಯೊಂದನ್ನು ತೆರೆದು ನೋಡಿ. ಸೂಚನೆಗೊಂದು ಸಂಖ್ಯೆ, ಪ್ರಕಟಣೆಯ ದಿನಾಂಕ, ತೀವ್ರತೆ, ತೊಂದರೆಗೊಳಗಾಗುವ ತಂತ್ರಾಂಶದ ಆವೃತ್ತಿಗಳು, ಪರಿಹಾರ ಇವೆಲ್ಲ ಇರುತ್ತವೆ. ಓದಲು ನೀರಸವೇ. ಎಲ್ಲಿಯೂ ಆಶ್ಚರ್ಯಸೂಚಕ ಚಿಹ್ನೆಗಳ ಸಾಲಿಲ್ಲ, ‘ಎಲ್ಲರಿಗೂ ಕಳುಹಿಸಿ’ ಎಂಬ ಒತ್ತಾಯವಿಲ್ಲ. 2017ರ ಮೇ 12ರಂದು ‘ವಾನ್ನಾಕ್ರೈ’ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತು; ಕೆಲವೇ ದಿನಗಳಲ್ಲಿ ನಮ್ಮದೇ ರಾಜ್ಯದ ವಯನಾಡು ಮತ್ತು ಪತ್ತನಂತಿಟ್ಟ ಜಿಲ್ಲೆಗಳ ಪಂಚಾಯತ್ ಕಚೇರಿಗಳಲ್ಲಿಯೂ ಅದು ಕಂಡಿತು. ಅದಕ್ಕೆ ಬೇಕಾಗಿದ್ದ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ‘ಎಂಎಸ್17-010’ ಎಂಬ ಸಂಖ್ಯೆಯಲ್ಲಿ ಅದೇ ವರ್ಷದ ಮಾರ್ಚಿನಲ್ಲಿ ಪ್ರಕಟಿಸಿತ್ತು. ಎರಡು ತಿಂಗಳು ಮೊದಲು! ಆ ನೀರಸ ಸೂಚನೆಯನ್ನು ಓದಿ ನವೀಕರಣ ಹಾಕಿದವರು ಉಳಿದುಕೊಂಡರು. ಸುಳ್ಳು ಎಚ್ಚರಿಕೆಗಳ ಗದ್ದಲದಲ್ಲಿ ನಿಜವಾದದ್ದು ಕಿವಿಗೆ ಬೀಳದಂತಾಗುತ್ತದೆ. ನನಗೆ ಇದಕ್ಕಿಂತ ದೊಡ್ಡ ನಷ್ಟ ಕಾಣುವುದಿಲ್ಲ.

ನಮ್ಮ ಶಾಲೆಗಳ ಬಗ್ಗೆ ಒಂದು ಮಾತು. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದ ಮುಕ್ತ ತಂತ್ರಾಂಶ ಬಳಕೆಗೆ ಬಂದಿದೆ. ಈಗ ರಾಜ್ಯ ಸರಕಾರದ ‘ಕೈಟ್’ ಸಂಸ್ಥೆ ಒದಗಿಸುವ, ವಿಂಡೋಸಿನ ಬದಲು ಬಳಸುವ ಗ್ನೂ ಲಿನಕ್ಸ್ ವ್ಯವಸ್ಥೆ ಇದೆ. ವಿಂಡೋಸಿಗಾಗಿ ಬರೆದ ವೈರಸ್ ಅಲ್ಲಿ ಹಾಗೆಯೇ ಓಡುವುದಿಲ್ಲ. ಆದರೂ ಶಾಲೆಯ ಮೇಲಿಗೆ ವಿಂಡೋಸ್ ಫೈಲ್ ಅಳಿಸಿ ಎಂಬ ಸೂಚನೆ ಬಂದರೆ ಯಾರೋ ಅದನ್ನು ಅಧ್ಯಾಪಕರ ಗುಂಪಿಗೆ ಹಾಕಿಬಿಡುತ್ತಾರೆ. ತಮ್ಮ ಕಂಪ್ಯೂಟರಿಗೆ ಅದು ಅನ್ವಯಿಸುತ್ತದೆಯೇ ಎಂದು ಮಕ್ಕಳ ಮುಂದೆಯೇ ಪರಿಶೀಲಿಸಿದರೆ ಅದೇ ಒಂದು ಒಳ್ಳೆಯ ಪಾಠವಾದೀತು.

ಎಚ್ಚರಿಕೆಯ ವೇಷದಲ್ಲಿ ವೈರಸ್ಸೇ ಬಂದ ಉದಾಹರಣೆಗಳೂ ಇವೆ. 2002ರ ‘ಕ್ಲೆಜ್’ ಎಂಬ ವೈರಸ್ಸಿನ ಒಂದು ರೂಪ, ‘ಇದು ಕ್ಲೆಜ್ ಬರದಂತೆ ತಡೆಯುವ ಉಪಕರಣ, ಒಮ್ಮೆ ಓಡಿಸಿ’ ಎಂಬ ಸಂದೇಶದೊಂದಿಗೆ ತನ್ನನ್ನೇ ಲಗತ್ತಿಸಿಕೊಂಡು ಬರುತ್ತಿತ್ತು. 2003ರ ‘ಸ್ವೆನ್’ ಮೈಕ್ರೋಸಾಫ್ಟಿನ ಸುರಕ್ಷತಾ ನವೀಕರಣದಂತೆ ಅಚ್ಚುಕಟ್ಟಾಗಿ ಅಲಂಕರಿಸಿಕೊಂಡು ಬಂತು. ಮೈಕ್ರೋಸಾಫ್ಟ್ ನವೀಕರಣಗಳನ್ನು ಮೇಲಿನ ಲಗತ್ತಾಗಿ ಕಳುಹಿಸುವುದಿಲ್ಲ.

ಕ್ಲೆಜ್ ಶಿಷ್ಟಾಚಾರಕ್ಕೂ ಒಂದು ದೊಡ್ಡ ತೊಡಕು ತಂದಿಟ್ಟಿತು. ಅದು ‘ಕಳುಹಿಸಿದವರು’ ಎಂಬಲ್ಲಿ ನಿಜವಾದ ವಿಳಾಸ ಹಾಕುತ್ತಿರಲಿಲ್ಲ. ಸೋಂಕು ತಗುಲಿದ ಕಂಪ್ಯೂಟರಿನಲ್ಲಿ ಸಿಕ್ಕ ಯಾವುದೋ ವಿಳಾಸವನ್ನು ಅಲ್ಲಿ ಬರೆಯುತ್ತಿತ್ತು. ಕುಂಬಳೆಯ ಒಬ್ಬರ ಕಂಪ್ಯೂಟರಿಗೆ ಸೋಂಕು ತಗುಲಿದೆ ಎಂದುಕೊಳ್ಳಿ. ಅವರ ವಿಳಾಸಪಟ್ಟಿಯಲ್ಲಿ ಉಪ್ಪಳದ ಮಾಷ್ಟ್ರೂ ಪುತ್ತೂರಿನ ವಕೀಲರೂ ಇದ್ದಾರೆ. ವಕೀಲರಿಗೆ ಬರುವ ವೈರಸ್ ಮೇಲಿನ ಮೇಲೆ ಮಾಷ್ಟ್ರ ಹೆಸರು ಇರುತ್ತದೆ. ವಕೀಲರು ಸಿಟ್ಟಿನಿಂದ ‘ನೀವು ನನಗೆ ವೈರಸ್ ಕಳುಹಿಸಿದ್ದೀರಿ’ ಎಂದು ಮಾಷ್ಟ್ರಿಗೆ ಬರೆಯುತ್ತಾರೆ. ಮಾಷ್ಟ್ರ ಕಂಪ್ಯೂಟರ್ ಶುದ್ಧವಾಗಿದೆ, ಆದರೂ ಅವರು ಅಪರಾಧಿ ಭಾವದಿಂದ ಎಲ್ಲರಿಗೂ ಕ್ಷಮೆ ಕೇಳಿ ಬರೆಯುತ್ತಾರೆ. ಕುಂಬಳೆಯವರಿಗೆ ಸುದ್ದಿಯೇ ಇಲ್ಲ! ಆ ಕಾಲದ ಆಂಟಿವೈರಸ್ ವ್ಯವಸ್ಥೆಗಳೂ ಇದೇ ತಪ್ಪು ಮಾಡಿ ನಿರಪರಾಧಿಗಳಿಗೆ ದೂರು ಮೇಲ್‌ಗಳನ್ನು ತಾವಾಗಿ ಕಳುಹಿಸುತ್ತಿದ್ದವು. ಇಂದಿಗೂ ಕಳುಹಿಸಿದವರ ಹೆಸರನ್ನು ನಕಲಿ ಮಾಡುವುದು ಸುಲಭ. ಆದ್ದರಿಂದ ಪರಿಚಿತರ ಹೆಸರಿನಲ್ಲಿ ಅನುಮಾನದ ಮೇಲ್ ಬಂದರೆ ಆರೋಪ ಮಾಡದೆ ಕೇಳಬೇಕು. ಫೋನ್ ಮಾಡಿ, ‘ನಿಮ್ಮ ಹೆಸರಿನಲ್ಲಿ ಇಂಥ ಮೇಲ್ ಬಂದಿದೆ, ಕಳುಹಿಸಿದ್ದೀರಾ?’ ಎಂದರೆ ಮುಗಿಯಿತು. ಅದೇ ಮೇಲಿಗೆ ಉತ್ತರಿಸಿ ಕೇಳಬಾರದು. ಖಾತೆ ಕಳ್ಳನ ಕೈಯಲ್ಲಿದ್ದರೆ ‘ಹೌದು, ನಾನೇ’ ಎಂದು ಉತ್ತರ ಕೊಡುವವನೂ ಅವನೇ.

ವಿಳಾಸಗಳ ವಿಷಯ ಬಂತು. ಒಂದು ಎಚ್ಚರಿಕೆಯನ್ನು 60 ಜನರಿಗೆ ಕಾಣುವಂತೆ ಕಳುಹಿಸಿದರೆ ಆ 60 ವಿಳಾಸಗಳೂ ಎಲ್ಲರ ಕಂಪ್ಯೂಟರಿನಲ್ಲಿ ಉಳಿಯುತ್ತವೆ. ಅವರಲ್ಲಿ ಒಬ್ಬರಿಗೆ ಸೋಂಕು ತಗುಲಿದರೂ ಸಾಕು, ವೈರಸ್ಸಿಗೆ ಸಿದ್ಧ ಪಟ್ಟಿ ಸಿಕ್ಕಿತು. ವೈರಸ್ ತಡೆಯಲು ಕಳುಹಿಸಿದ ಮೇಲೇ ವೈರಸ್ಸಿಗೆ ದಾರಿ ತೋರಿಸುತ್ತದೆ. ಅನೇಕರಿಗೆ ಬರೆಯಲೇಬೇಕಾದರೆ ವಿಳಾಸಗಳನ್ನು ‘ಬಿಸಿಸಿ’ ಎಂಬ ಜಾಗದಲ್ಲಿ ಹಾಕಿ; ಆಗ ಯಾರಿಗೂ ಇನ್ನೊಬ್ಬರ ವಿಳಾಸ ಕಾಣುವುದಿಲ್ಲ, ‘ಎಲ್ಲರಿಗೂ ಉತ್ತರಿಸು’ ಒತ್ತಿದರೂ ಉತ್ತರ ನಿಮಗೊಬ್ಬರಿಗೇ ಬರುತ್ತದೆ. 2016ರ ನವೆಂಬರಿನಲ್ಲಿ ಬ್ರಿಟನ್ನಿನ ಆರೋಗ್ಯ ಸೇವೆಯಲ್ಲಿ ತಪ್ಪಿ 8 ಲಕ್ಷಕ್ಕೂ ಹೆಚ್ಚು ಸಿಬ್ಬಂದಿಗೆ ಹೋದ ಒಂದು ಪರೀಕ್ಷಾ ಮೇಲಿಗೆ ‘ನನ್ನನ್ನು ಪಟ್ಟಿಯಿಂದ ತೆಗೆಯಿರಿ’ ಎಂದು ಜನ ಎಲ್ಲರಿಗೂ ಉತ್ತರಿಸತೊಡಗಿ ಇಡೀ ಮೇಲ್ ವ್ಯವಸ್ಥೆಯೇ ಕುಂಟಿತು.

ಹಿರಿಯರೊಬ್ಬರು ಸುಳ್ಳು ಎಚ್ಚರಿಕೆ ಕಳುಹಿಸಿದಾಗ ಏನು ಮಾಡಬೇಕು? ಇದು ಬಹಳ ಜನರನ್ನು ಕಾಡುವ ಪ್ರಶ್ನೆ. ಸುಮ್ಮನಿದ್ದರೆ ಸುಳ್ಳು ಓಡುತ್ತದೆ. ಬಂಧುಗಳೆಲ್ಲ ಇರುವಲ್ಲಿ ತಿದ್ದಿದರೆ ಅವರ ಮುಖಕ್ಕೆ ಹೊಡೆದಂತಾಗುತ್ತದೆ. ಅವರೊಬ್ಬರಿಗೇ, ಹೀಗೆ ಬರೆಯಬಹುದು: ‘ಮಾವ, ನಮಸ್ಕಾರ. ಬೆಳಿಗ್ಗೆ ನೀವು ಕಳುಹಿಸಿದ ವೈರಸ್ ವಿಷಯ ಓದಿದೆ. ನಮ್ಮೆಲ್ಲರ ಮೇಲಿನ ಕಾಳಜಿಯಿಂದ ಕಳುಹಿಸಿದ್ದೀರಿ. ಹುಡುಕಿ ನೋಡಿದೆ, ಅದು 2006ರಿಂದ ಸುತ್ತುತ್ತಿರುವ ಸುಳ್ಳು. ನಿಮ್ಮ ಕಂಪ್ಯೂಟರಿಗೆ ಏನೂ ಆಗಿಲ್ಲ, ಯಾವ ಫೈಲನ್ನೂ ಅಳಿಸಬೇಡಿ. ಕಳುಹಿಸಿದವರಿಗೆಲ್ಲ ಅದು ನಿಜವಲ್ಲವೆಂದು ನೀವೇ ಒಂದು ಸಾಲು ತಿಳಿಸಿದರೆ ಎಲ್ಲರೂ ನಿಶ್ಚಿಂತರಾಗುತ್ತಾರೆ.’ ತಿದ್ದುವ ಅವಕಾಶವನ್ನು ಅವರಿಗೇ ಕೊಡುವುದು ಮುಖ್ಯ. ಅವರು ಹೇಳಿದರೆ ಬಂಧುಗಳು ಕೇಳುತ್ತಾರೆ, ಅವರ ಗೌರವವೂ ಉಳಿಯುತ್ತದೆ. ಯಾವುದಾದರೂ ಫೈಲ್ ಅಳಿಸಿ ಎಂಬ ಸಂದೇಶವಾಗಿದ್ದರೆ ಮಾತ್ರ ಕಾಯಬಾರದು; ಒಂದು ಫೋನ್ ಮಾಡಿ, ಗುಂಪಿಗೂ ಹೆಸರೆತ್ತದೆ ‘ಏನನ್ನೂ ಅಳಿಸಬೇಡಿ’ ಎಂದು ಬರೆಯಬೇಕು.

ಇನ್ನು ನಿಜವಾಗಿಯೂ ನಿಮ್ಮ ಕಂಪ್ಯೂಟರಿನಿಂದಲೋ ಖಾತೆಯಿಂದಲೋ ಕೆಟ್ಟ ಮೇಲ್ ಹೋಗಿದ್ದರೆ? ಆಗ ಮರೆಮಾಚುವುದೇ ಅಶಿಷ್ಟತೆ. ಮೊದಲು ಕಂಪ್ಯೂಟರನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ. ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಾಯಿಸಿ, ಆ ಸಾಧನದಿಂದಲೇ ಬರೆಯಿರಿ. ಒಂದು ಸಹಕಾರಿ ಸಂಘದ ಕಾರ್ಯದರ್ಶಿ ಬರೆಯುವುದಾದರೆ ಇಷ್ಟು ಸಾಕು: ‘ಜೂನ್ 10ರ ಬೆಳಿಗ್ಗೆ 9ರಿಂದ 11ರ ನಡುವೆ ನಮ್ಮ ಸಂಘದ ವಿಳಾಸದಿಂದ “ಬಾಕಿ ವಿವರ” ಎಂಬ ಲಗತ್ತಿನ ಮೇಲ್ ಬಂದಿದ್ದರೆ ತೆರೆಯದೆ ಅಳಿಸಿ. ಅದನ್ನು ನಾವು ಕಳುಹಿಸಿಲ್ಲ. ಈಗಾಗಲೇ ತೆರೆದಿದ್ದರೆ ಕಂಪ್ಯೂಟರನ್ನು ನೆಟ್‌ವರ್ಕಿನಿಂದ ಬಿಡಿಸಿ, ಸಂಘದ ಫೋನಿಗೆ ಕರೆಮಾಡಿ. ಈ ಮೇಲನ್ನು ಬೇರೆಯವರಿಗೆ ಕಳುಹಿಸುವ ಅಗತ್ಯವಿಲ್ಲ. ಸಂಬಂಧಪಟ್ಟವರಿಗೆಲ್ಲ ನಾವೇ ಬರೆದಿದ್ದೇವೆ.’ ಯಾವ ಮೇಲ್, ಯಾವ ಹೊತ್ತು, ಏನು ಮಾಡಬೇಕು, ಯಾರನ್ನು ಕೇಳಬೇಕು ಎಲ್ಲವೂ ಇದರಲ್ಲಿದೆ. ಕೊನೆಯ ಎರಡು ವಾಕ್ಯಗಳನ್ನು ಬಿಡಲೇಬಾರದು; ಅವಿಲ್ಲದಿದ್ದರೆ ಮುಂದಿನ ವರ್ಷವೂ ಇದೇ ಮೇಲ್ ದಿನಾಂಕ ಕಳೆದುಕೊಂಡು ತಿರುಗುತ್ತಿರುತ್ತದೆ.

ಮೊಬೈಲಿನಲ್ಲಿಯೂ ಇದೇ ಕಥೆ. ‘ಡಾನ್ಸ್ ಆಫ್ ದಿ ಪೋಪ್’ ಎಂಬ ವೀಡಿಯೊ ತೆರೆದರೆ ಫೋನ್ ಅಳಿಸಿಹೋಗುತ್ತದೆ ಎಂಬ ಸುಳ್ಳು ಬಹಳ ಕಾಲ ತಿರುಗಿತು. ವಾಟ್ಸ್‌ಆ್ಯಪ್ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡುವಂತೆ ಮಿತಿ ಹಾಕಿತು, 2020ರಲ್ಲಿ ಬಹಳ ಸಲ ಮುಂದೂಡಲ್ಪಟ್ಟದ್ದನ್ನು ಒಂದೇ ಕಡೆಗೆ ಇಳಿಸಿತು. ಅದೇ ವಾಟ್ಸ್‌ಆ್ಯಪ್‌ನಲ್ಲಿ ಈಗ ಹರಿದಾಡುತ್ತಿರುವ ನಿಜವಾದ ಅಪಾಯವೆಂದರೆ ಎಪಿಕೆ ಫೈಲುಗಳು, ಅಂದರೆ ಆ್ಯಂಡ್ರಾಯ್ಡ್ ಫೋನಿಗೆ ಪ್ರೋಗ್ರಾಮು ಹಾಕುವ ಫೈಲುಗಳು. ವಾಹನದ ದಂಡದ ಚಲನ್, ಮದುವೆ ಆಮಂತ್ರಣ, ಬ್ಯಾಂಕಿನ ಕೆವೈಸಿ ಎಂಬ ಹೆಸರಿನಲ್ಲಿ ಬರುವ ಇವುಗಳನ್ನು ಅನುಸ್ಥಾಪಿಸಿದರೆ ಫೋನಿಗೆ ಬರುವ ಒಟಿಪಿಗಳು ಕಳ್ಳರ ಕೈ ಸೇರುತ್ತವೆ. ಆಮಂತ್ರಣ ಎಂಬುದು ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಇರುತ್ತದೆ; ಎಪಿಕೆ ಎಂಬ ಬಾಲವಿದ್ದರೆ ಅದು ಪ್ರೋಗ್ರಾಮು. ಕಂಪ್ಯೂಟರಿನಲ್ಲಿಯೂ ಹಾಗೆಯೇ: 2000ದ ಮೇ ತಿಂಗಳಿನಲ್ಲಿ ಜಗತ್ತನ್ನು ಕಂಗೆಡಿಸಿದ ‘ಐ ಲವ್ ಯು’ ವೈರಸ್ಸಿನ ಲಗತ್ತಿನ ಹೆಸರಿನಲ್ಲಿ ಮೊದಲು ಬರಿಯ ಅಕ್ಷರಗಳ ಗುರುತಾದ ಟಿಎಕ್ಸ್‌ಟಿ, ಕೊನೆಗೆ ಪ್ರೋಗ್ರಾಮಿನ ಗುರುತಾದ ವಿಬಿಎಸ್ ಎಂದಿತ್ತು. ವಿಂಡೋಸ್ ಕೊನೆಯ ಬಾಲವನ್ನು ಅಡಗಿಸಿಟ್ಟಿದ್ದರಿಂದ ಜನರಿಗೆ ಕಂಡದ್ದು ಬರಿಯ ಪತ್ರ. ಫೈಲಿನ ಪೂರ್ತಿ ಹೆಸರು ಕಾಣುವಂತೆ ಕಂಪ್ಯೂಟರನ್ನು ಹೊಂದಿಸಿಕೊಳ್ಳಲು ಒಂದು ನಿಮಿಷ ಸಾಕು.

ನಿಮಗೆ ಬಂದ ಎಚ್ಚರಿಕೆ ನಿಜವೋ ಸುಳ್ಳೋ ತಿಳಿಯದಿದ್ದರೆ ಅದರ ಒಂದು ವಿಶಿಷ್ಟ ಸಾಲನ್ನು ಇಂಗ್ಲಿಷಿನಲ್ಲಿ ಹುಡುಕಿ ನೋಡಿ. ಹಳೆಯ ಸುಳ್ಳುಗಳು ಒಡನೆ ಸಿಕ್ಕಿಬೀಳುತ್ತವೆ. ಆಗದಿದ್ದರೆ ಕಂಪ್ಯೂಟರ್ ಬಲ್ಲ ಒಬ್ಬರಿಗೆ ಮಾತ್ರ ಕಳುಹಿಸಿ, ‘ಇದು ನಿಜವೇ?’ ಎಂದು ಕೇಳಿ. ಶಾಲೆಯಲ್ಲಿ ಐಟಿ ನೋಡಿಕೊಳ್ಳುವ ಅಧ್ಯಾಪಕರು, ಸರಕಾರಿ ಆನ್‌ಲೈನ್ ಸೇವೆ ಒದಗಿಸುವ ಹತ್ತಿರದ ಅಕ್ಷಯ ಕೇಂದ್ರದವರು ಇಂಥ ಪ್ರಶ್ನೆಗೆ ಬೇಸರಿಸುವವರಲ್ಲ. ಹಣ ಹೋಗಿದ್ದರೆ ಮಾತ್ರ ಯಾರನ್ನೂ ಕೇಳುತ್ತ ಕೂರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಹೋದರೆ ಹಣ ಇನ್ನೊಂದು ಖಾತೆಗೆ ದಾಟುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.